ಮೂವತ್ತು ವರ್ಷದ ಹಳೇ ಬೀಗ, ನಾವು ಹಾಕದೇ ಬಿಟ್ಟದ್ದು

ಈ ವಾರದ ಇತಿಹಾಸದ ಕತೆ ಶುರುವಾಗೋದು ನಮ್ಮ ಚಿಕ್ಕಪ್ಪನ ಅಂಗಿ ಜೇಬಿನಿಂದ.

ದಸರಾ ದೀಪಾಲಂಕಾರ ನೋಡೋಕೆ ಮನೆಯವರೆಲ್ಲ ಹೋಗಿದ್ವಿ. ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇಲ್ಲ. ದೇವರಾಜ ಮಾರುಕಟ್ಟೆ ಹತ್ತಿರ ಬರೋಷ್ಟರಲ್ಲಿ ಚಿಕ್ಕಪ್ಪ ಜೇಬು ತಡವಿಕೊಂಡರು. ಫೋನ್ ಇಲ್ಲ. "ಲಾಕ್ ಹಾಕಿದೀನಿ ಬಿಡೋ, ಒಳಗಡೆ ಏನೂ ನೋಡಕ್ಕಾಗಲ್ಲ" ಅಂದರು. ನಾವೂ ನಂಬಿದೆವು. ಮಾರನೇ ದಿನ ಬೆಳಿಗ್ಗೆ ಅವರ ವಾಟ್ಸಾಪ್‌ನಿಂದ ನೆಂಟರಿಗೆಲ್ಲ ಮೆಸೇಜು: ಅರ್ಜೆಂಟಾಗಿ ದುಡ್ಡು ಬೇಕು. ಚಿಕ್ಕಮ್ಮನ ಅಕ್ಕ ಎಂಟು ಸಾವಿರ ಕಳಿಸಿಯೂ ಬಿಟ್ಟಿದ್ದರು.

ಬೀಗ ಇದ್ದೂ ಕಳ್ಳ ಒಳಗೆ ಹೋದದ್ದು ಹೇಗೆ? ಅವನು ಒಳಗೆ ಹೋಗಲೇ ಇಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಂಡ. ವಾಟ್ಸಾಪ್ ಕಳಿಸಿದ ಕೋಡ್ ನೇರವಾಗಿ ಅವನ ಕೈಗೇ ಬಂತು. ಇದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1991ರಲ್ಲಿ ಜರ್ಮನಿಯ ಮ್ಯೂನಿಕ್‌ನ ಕಂಪನಿಯೊಂದು ಫಿನ್ಲೆಂಡಿನ ಮೊಬೈಲ್ ಸೇವೆಗಾಗಿ ಮೊದಲ ಸಿಮ್ ಕಾರ್ಡುಗಳನ್ನು ತಯಾರಿಸಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖ್ ರಾಮ್ ಅವರ ಜೊತೆ ಮಾತಾಡಿದರು. ಆಗ ಹೊರಹೋಗುವ ಕರೆಗಷ್ಟೇ ಅಲ್ಲ, ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. ಕಳ್ಳನ ಕೈಗೆ ಸಿಮ್ ಸಿಕ್ಕಿದರೆ ಬಿಲ್ಲು ಮಾಲೀಕನ ತಲೆಗೆ. ಇಂಥ ದುರುಪಯೋಗ ತಡೆಯೋಕೆ ಸಿಮ್ಮಿನಲ್ಲೇ ಒಂದು ಪಿನ್ ಇಡಲಾಗಿತ್ತು. ಮೂರು ಸಲ ತಪ್ಪು ಒತ್ತಿದರೆ ಸಿಮ್ ಕಟ್ಟಿಕೊಳ್ಳುತ್ತದೆ, ಬಿಡಿಸೋಕೆ ಪಿಯುಕೆ ಅನ್ನೋ ಇನ್ನೊಂದು ಸಂಖ್ಯೆ ಬೇಕು. ಇದು ಮೊದಲ ಬೀಗ.

ಆಮೇಲೆ ಕರೆ ಅಗ್ಗವಾಯಿತು, ಫೋನು ದುಬಾರಿಯಾಯಿತು. ಕಳ್ಳನಿಗೆ ಬೇಕಾದ್ದು ಹ್ಯಾಂಡ್‌ಸೆಟ್. 2013ರಲ್ಲಿ ಆಪಲ್ ಕಂಪನಿ, ಮಾಲೀಕನ ಪಾಸ್‌ವರ್ಡ್ ಇಲ್ಲದೆ ಫೋನನ್ನು ಹೊಸದಾಗಿ ಶುರು ಮಾಡಲಾಗದ ವ್ಯವಸ್ಥೆ ತಂತು. 2014ರಲ್ಲಿ ಕ್ಯಾಲಿಫೋರ್ನಿಯಾ ಇಂಥದ್ದಕ್ಕೆ ಕಾನೂನನ್ನೇ ಮಾಡಿತು. 2015ರಲ್ಲಿ ಆಂಡ್ರಾಯ್ಡ್‌ಗೂ ಬಂತು. ನಮ್ಮಲ್ಲಿ 15 ಅಂಕಿಯ ಐಎಂಇಐ ಸಂಖ್ಯೆ ಹಿಡಿದು ಕದ್ದ ಫೋನನ್ನು ದೇಶದ ಎಲ್ಲ ನೆಟ್‌ವರ್ಕ್‌ನಲ್ಲೂ ನಿಲ್ಲಿಸುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಮೂಲಕ ದೇಶಕ್ಕೆಲ್ಲ ಸಿಕ್ಕಿತು. ಅದಕ್ಕೂ ಮುಂಚೆಯೇ ಕರ್ನಾಟಕದಲ್ಲಿ ಅದರ ಬಳಕೆ ಶುರುವಾಗಿತ್ತು. ಇದು ಎರಡನೇ ಬೀಗ. ಫೋನನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ, ಅಷ್ಟೇ.

ಇಷ್ಟರಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. 2016ರಲ್ಲಿ ಯುಪಿಐ ಬಂತು. ಬ್ಯಾಂಕು, ಆಧಾರ್, ವಾಟ್ಸಾಪ್ ಎಲ್ಲಕ್ಕೂ ಓಟಿಪಿ, ಓಟಿಪಿ ಬರೋದು ಸಿಮ್ಮಿಗೆ. ಅಂದ್ರೆ ನೋಡಿ, ಬೆಲೆ ಮತ್ತೆ ತಿರುಗಿ ಸಿಮ್ಮಿಗೇ ಬಂತು. ನಾವು ಮಾತ್ರ ಪರದೆಗೆ ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲಲ್ಲೇ ನೇತುಹಾಕಿದೆವು.

ಈ ಮಾಹಿತಿ ಯಾರದ್ದು ಅನ್ನೋ ಪ್ರಶ್ನೆಗೂ ಮೈಸೂರಿಗೂ ನಂಟಿದೆ. ಮಹಾರಾಜ ಕಾಲೇಜಿನಲ್ಲಿ ಓದಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ದೊಡ್ಡ ತೀರ್ಪು ಅದು. ಆದರೆ ಜೇಬುಗಳ್ಳನ ಮುಂದೆ ಹಕ್ಕುಪತ್ರ ಹಿಡಿಯೋಕಾಗಲ್ಲ. ಅಲ್ಲಿ ಬೀಗವೇ ಬೇಕು.

ಹಾಗಾಗಿ ಫೋನ್ ಕೈಯಲ್ಲಿರುವಾಗಲೇ ನಾಲ್ಕು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಹಾಕಿ. ಆದರೆ ಮೊದಲಿಂದ ಇರುವ ಪಿನ್ ಯಾವುದು ಅಂತ ನಿಮ್ಮ ಸಿಮ್ ಕಂಪನಿಯವರನ್ನು ಕೇಳಿಕೊಂಡೇ ಬದಲಾಯಿಸಿ, ಊಹೆ ಮಾಡಬೇಡಿ. ವಾಟ್ಸಾಪ್‌ನಲ್ಲಿ 2017ರಿಂದಲೂ ಇರುವ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಪರದೆ ಲಾಕ್ ಆಗಿದ್ದಾಗ ಮೆಸೇಜಿನ ಒಳಗಿನ ಮಾತು ಕಾಣದ ಹಾಗೆ ಇಡಿ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡಿ. ಮತ್ತೆ, ಫೋನಿನ ಕವರ್ ಹಿಂದೆ ಎಟಿಎಂ ಕಾರ್ಡು, ಆಧಾರ್ ಪ್ರತಿ ಸಿಕ್ಕಿಸೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಕಳುವಾದರೆ ಮೊದಲು ಸಿಮ್ ನಿಲ್ಲಿಸಿ, ಬ್ಯಾಂಕಿಗೆ ಹೇಳಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಪೊಲೀಸ್ ದೂರು, ಸಿಇಐಆರ್ ಆಮೇಲೆ. ನಾವು ಇದನ್ನು ತಿರುಗಾಮುರುಗಾ ಮಾಡಿದ್ವಿ. ರಾತ್ರಿಯೆಲ್ಲ ಫೋನನ್ನೇ ಹುಡುಕುತ್ತಾ ಕೂತಿದ್ವಿ, ಸಿಮ್ ನೆನಪಾದದ್ದು ಬೆಳಿಗ್ಗೆ.

ಫೋನ್ ಇನ್ನೂ ಸಿಕ್ಕಿಲ್ಲ. ಅಕ್ಕನ ಎಂಟು ಸಾವಿರವನ್ನು ಚಿಕ್ಕಪ್ಪ ಕಂತಿನಲ್ಲಿ ತೀರಿಸುತ್ತಿದ್ದಾರೆ. ಅವರು ಬೇಡ ಅಂದರೂ ಕೇಳುತ್ತಿಲ್ಲ. ಹೊಸ ಫೋನು ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಸಿಮ್ಮಿನ ನಾಲ್ಕು ಅಂಕಿ ಕೇಳುತ್ತೆ. "ಇದೊಂದು ಕಾಟ" ಅಂತ ಗೊಣಗುತ್ತಲೇ ಒತ್ತುತ್ತಾರೆ.

ಮುಂದಿನ ವಾರ ಸಿಗೋಣ.