ಪಾದ್ರಿ : ಒಂದು ಶಬ್ದದ ಚರಿತ್ರೆ

ಮಂಗಳೂರಿನ ನಂತೂರಿನಲ್ಲಿ ‘ಪಾದುವ’ ಎಂಬ ಹೆಸರಿನ ವಿದ್ಯಾಲಯಗಳಿರುವುವು. ಅಲ್ಲಿಂದ ಅನತಿದೂರದಲ್ಲಿರುವ ಕಂಕನಾಡಿಯಲ್ಲಿ, ಜರ್ಮನಿಯಿಂದ ಬಂದ ಯೇಸುಸಭೆಯ ಯತಿಯೊಬ್ಬರು 1880ರಲ್ಲಿ ಆರಂಭಿಸಿದ ಔಷಧಾಲಯದಿಂದ ಬೆಳೆದ ‘ಫಾದರ್ ಮುಲ್ಲರ್’ ಆಸ್ಪತ್ರೆ ಇರುವುದು. ಪಾದುವ, ಫಾದರ್, ಪಾದ್ರಿ ಎಂಬ ಮೂರು ಶಬ್ದಗಳೂ ಕಿವಿಗೆ ಒಂದೇ ಬಳ್ಳಿಯ ಕಾಯಿಗಳಂತೆ ತೋರುವುವು. ಆದರೆ ಪಾದುವವು ಇಟಲಿಯ ಒಂದು ನಗರದ ಹೆಸರು. ಅದರ ಲ್ಯಾಟಿನ್ ರೂಪವು ಪತಾವಿಯುಮ್. ಪಾದ್ರಿಗೂ ಅದಕ್ಕೂ ನಾದಸಾಮ್ಯವಲ್ಲದೆ ಬೇರೆ ಸಂಬಂಧವಿಲ್ಲ. ಸಂಸ್ಕೃತದ ‘ಪಾದ’ ಶಬ್ದದಿಂದ ಪಾದ್ರಿಯನ್ನು ಸಾಧಿಸುವುದೂ ಅಷ್ಟೇ ನಿರಾಧಾರವಾದುದು.

ಪಾದ್ರಿಯ ಮೂಲವು ಲ್ಯಾಟಿನ್ನಿನ ‘ಪಾತೆರ್’. ಸಂಸ್ಕೃತದ ‘ಪಿತೃ’, ಇಂಗ್ಲಿಷಿನ ‘ಫಾದರ್’ ಇವು ಅದರ ಒಡಹುಟ್ಟುಗಳು. ಲ್ಯಾಟಿನ್ನಿನಿಂದ ಹುಟ್ಟಿದ ಸ್ಪಾನಿಷ್, ಪೋರ್ಚುಗೀಸ್, ಇಟಾಲಿಯನ್ ಎಂಬ ಮೂರು ಭಾಷೆಗಳಲ್ಲಿಯೂ ಅದು ‘ಪಾದ್ರೆ’ ಎಂಬ ರೂಪವನ್ನು ತಾಳಿತು. ಹಾಗಾದರೆ ಕನ್ನಡಕ್ಕೆ ಅದನ್ನು ಕೊಟ್ಟ ಭಾಷೆ ಯಾವುದು? ರೂಪವೊಂದರಿಂದಲೇ ಇದನ್ನು ನಿರ್ಣಯಿಸಲಾಗದು; ಅರ್ಥವನ್ನು ಪರೀಕ್ಷಿಸಬೇಕು.

ಸ್ಪಾನಿಷಿನಲ್ಲಿ ಪಾದ್ರೆ ಎಂದರೆ ಮೊದಲು ಹೆತ್ತ ತಂದೆ. ಬಹುವಚನದಲ್ಲಿ ಅದು ತಾಯಿತಂದೆಗಳಿಬ್ಬರಿಗೂ ಸಲ್ಲುವುದು. ದೇವರನ್ನು ತಂದೆಯೆಂದು ಕರೆಯುವಾಗಲೂ, ದೇವಾಲಯದ ಗುರುವನ್ನು ಸಂಬೋಧಿಸುವಾಗಲೂ ಅದೇ ಶಬ್ದ. ಮೆಕ್ಸಿಕೋ ದೇಶದಲ್ಲಿ 1810ರಲ್ಲಿ ಸ್ವಾತಂತ್ರ್ಯದ ದಂಗೆಯನ್ನೆಬ್ಬಿಸಿದ ಮಿಗೆಲ್ ಇದಾಲ್ಗೋ ವೃತ್ತಿಯಿಂದ ಗುರುವಾಗಿದ್ದು, ‘ನಾಡಿನ ಪಾದ್ರೆ’ ಎಂಬ ಬಿರುದಿನಿಂದ ರಾಷ್ಟ್ರಪಿತನೂ ಆದನು. ಆ ದೇಶದ ಆಡುಮಾತಿನಲ್ಲಿ ‘ಬಹು ಸೊಗಸಾದುದು’ ಎಂಬುದಕ್ಕೂ ಪಾದ್ರೆ ಎನ್ನುವರು. ಸ್ಪೇನಿನಲ್ಲಿ ‘ಪಾದ್ರೆ ಹೆದರಿಕೆ’ ಎಂದರೆ ಭಾರಿ ಹೆದರಿಕೆ.

ಕನ್ನಡದ ಪಾದ್ರಿಯಲ್ಲಿ ಇವುಗಳೊಳಗೆ ಒಂದೇ ಅರ್ಥವಿರುವುದು. ತನ್ನ ತಂದೆಯನ್ನು ಪಾದ್ರಿಯೆಂದು ಕರೆದ ಕನ್ನಡಿಗನಿಲ್ಲ. ಇದರ ಕಾರಣವು ಪೋರ್ಚುಗೀಸ್ ಭಾಷೆಯಲ್ಲಿ ದೊರೆಯುವುದು. ಹಳೆಯ ಪೋರ್ಚುಗೀಸಿನಲ್ಲಿ ಪಾದ್ರೆಯು ತಂದೆಗೂ ಸಲ್ಲುತ್ತಿದ್ದಿತು. ಕ್ರಮೇಣ ಮನೆಯ ತಂದೆಗೆ ‘ಪಾಯ್’ ಎಂಬ ಶಬ್ದವು ನೆಲೆಗೊಂಡು, ಪಾದ್ರೆಯು ಗುರುವಿಗೆ ಮೀಸಲಾಯಿತು. ಹೀಗೆ ಅರ್ಧ ಅರ್ಥವನ್ನು ಕಳೆದುಕೊಂಡ ಶಬ್ದವೇ ಪಶ್ಚಿಮ ಕರಾವಳಿಯಲ್ಲಿ ಇಳಿಯಿತು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. 1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರರು ನವಾರದವರು. 1580ರಿಂದ 1640ರ ವರೆಗೆ ಪೋರ್ಚುಗಲ್ಲನ್ನು ಆಳಿದವರು ಸ್ಪೇನಿನ ಅರಸರು. ಆದರೂ ಗೋವೆಯ ಆಡಳಿತವು ಪೋರ್ಚುಗೀಸರ ಕೈಯಲ್ಲಿಯೇ, ಅವರ ಭಾಷೆಯಲ್ಲಿಯೇ ನಡೆಯಿತು. ಮತ್ತು 1580ರಲ್ಲಿ ಅಕ್ಬರನ ಆಸ್ಥಾನಕ್ಕೆ ಹೋದ ಯೇಸುಸಭೆಯವರನ್ನು ಅಲ್ಲಿಯ ಪಾರಸೀ ಲೇಖಕರು ‘ಪಾದ್ರಿ’ ಎಂದೇ ಬರೆದಿರುವರು. ಶಬ್ದವು ಅಷ್ಟರಲ್ಲಿಯೇ ರೂಢವಾಗಿದ್ದುದಕ್ಕೆ ಇದು ಸಾಕ್ಷಿ. 1878ರ ಕೊನೆಯ ದಿನ ಮಂಗಳೂರಿಗೆ ಬಂದ ಇಟಲಿಯ ಯೇಸುಸಭೆಯವರ ಭಾಷೆಯಲ್ಲಿ ಪಾದ್ರೆಗೆ ಎರಡರ್ಥವಿದ್ದರೂ, ನೆಲೆಗೊಂಡ ಕನ್ನಡ ಶಬ್ದದ ಅರ್ಥವು ಕದಲಲಿಲ್ಲ. ಇನ್ನೊಂದು ಗುರುತು ಆದಿಯ ಪಕಾರ. ‘ಪಾಲ್’ ಹಾಲಾಗಿ, ‘ಪೂ’ ಹೂವಾದ ಪರಿವರ್ತನೆಗೆ ಈ ಶಬ್ದವು ಒಳಗಾಗಲಿಲ್ಲ. ಆ ಕಾಲವು ಕಳೆದ ಮೇಲೆ ಬಂದುದು ಎಂಬುದು ಇದರಿಂದ ಸ್ಪಷ್ಟ.

ಪಾದ್ರಿ ಎಂಬುದು ಕರಾವಳಿಯಲ್ಲಿ ಬರಿಯ ಹೆಸರಾಗಿರಲಿಲ್ಲ. ಮಂಗಳೂರಿನ ರೊಸಾರಿಯೋ ದೇವಾಲಯವು 1568ರಷ್ಟು ಹಳೆಯದು. 1678ರಲ್ಲಿ ಕೆಳದಿಯ ಬಸಪ್ಪನಾಯಕನೊಡನೆ ಆದ ಒಪ್ಪಂದದಿಂದ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ಕೋಠಿಯೂ, ಕನ್ನಡ ಜಿಲ್ಲೆಯ ಕೆಲವೆಡೆಗಳಲ್ಲಿ ದೇವಾಲಯಗಳನ್ನು ಕಟ್ಟುವ ಅನುಮತಿಯೂ ದೊರೆತುವು. ಗುರುಗಳನ್ನು ನೇಮಿಸುವ ಹಕ್ಕು ‘ಪಾದ್ರೊಆದೊ’ ಎಂಬ ಪೋಷಣಾಧಿಕಾರದಂತೆ ಪೋರ್ಚುಗಲ್ಲಿನ ಅರಸನದೋ, ರೋಮಿನ ಧರ್ಮಪ್ರಚಾರ ಮಂಡಲದ್ದೋ ಎಂಬ ವಿವಾದವು ಬಹುಕಾಲ ಬೆಳೆಯಿತು. ಈ ಶಬ್ದವೂ ಪಾತೆರ್ ಎಂಬುದರ ಸಂತತಿಯೇ. 1681ರಲ್ಲಿ ಗೋವೆಯಿಂದ ಬಂದ ಜೋಸೆಫ್ ವಾಜರು, 2015ರಲ್ಲಿ ಸಂತರೆಂದು ಘೋಷಿತರಾದವರು, ಈ ವಿವಾದದ ನಡುವೆಯೇ ಇಲ್ಲಿ ಕೆಲಸ ಮಾಡಬೇಕಾಯಿತು. 1784ರಲ್ಲಿ ಟಿಪ್ಪುವು ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಪಾದ್ರಿಗಳನ್ನು ನಾಡಿನಿಂದ ಹೊರಡಿಸಿದನು. ಯಾರು ಪಾದ್ರಿ, ಯಾರು ಕಳುಹಿಸಿದ ಪಾದ್ರಿ ಎಂಬುದು ಒಂದು ಜನಾಂಗದ ಅಳಿವು ಉಳಿವಿನ ಪ್ರಶ್ನೆಯಾಗಿದ್ದಿತು.

ಘಟ್ಟದ ಮೇಲಿನ ಸ್ಥಿತಿಯೇ ಬೇರೆ. 17ನೆಯ ಶತಮಾನದ ಮಧ್ಯದಲ್ಲಿ ಮೈಸೂರು ಸೀಮೆಯನ್ನು ಹೊಕ್ಕ ಯೇಸುಸಭೆಯವರು ‘ಪರಂಗಿ’ ಎಂಬ ಹಣೆಪಟ್ಟಿಯನ್ನು ತಪ್ಪಿಸಿಕೊಳ್ಳಲು ಸಂನ್ಯಾಸಿಗಳ ವೇಷವನ್ನು ಧರಿಸಿದರು. ಅಲ್ಲಿಯ ಕ್ರೈಸ್ತರಲ್ಲಿ ‘ಗುರು’, ‘ಸ್ವಾಮಿ’ ಎಂಬವು ರೂಢವಾದುವು. 1800ರ ಸುಮಾರಿನಿಂದ 1823ರ ವರೆಗೆ ಅಲ್ಲಿದ್ದ ಫ್ರೆಂಚ್ ಗುರು ದ್ಯುಬುವಾ ಅವರು ಜನರ ಬಾಯಲ್ಲಿ ‘ದೊಡ್ಡಸ್ವಾಮಿ’. ಆದುದರಿಂದ ಪಾದ್ರಿ ಮತ್ತು ಸ್ವಾಮಿ ಎಂಬ ಎರಡು ಶಬ್ದಗಳು ಆ ಮತವು ಕನ್ನಡ ನಾಡನ್ನು ಹೊಕ್ಕ ಎರಡು ದಾರಿಗಳನ್ನು ತೋರಿಸುವುವು.

19ನೆಯ ಶತಮಾನದಲ್ಲಿ ಶಬ್ದದ ವ್ಯಾಪ್ತಿಯು ಮತ್ತೆ ಹಿಗ್ಗಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ರೋಮಿನ ಮತವನ್ನು ಒಪ್ಪದವರು, ವಿವಾಹವಾಗಲು ಅಡ್ಡಿಯಿಲ್ಲದವರು. ಆದರೂ ಜನರು ಅವರನ್ನೂ ಪಾದ್ರಿಗಳೆಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರೂ, 1894ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರೂ ಈ ಹೆಸರಿಗೆ ಪಾತ್ರರಾದರು. ಇಟಲಿಯ ಯೇಸುಸಭೆಯ ಮಫ್ಫೇಯಿಯವರ ಕೊಂಕಣಿ ವ್ಯಾಕರಣವು 1882ರಲ್ಲಿಯೂ, ನಿಘಂಟು 1883ರಲ್ಲಿಯೂ ಅಚ್ಚಾದುದು ಇದೇ ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಮತದಲ್ಲಿ ಕೂಡದ ಎರಡು ಪಕ್ಷಗಳು ಜನರ ಬಾಯಿಯ ಒಂದೇ ಶಬ್ದದಲ್ಲಿಯೂ, ಒಂದೇ ಅಚ್ಚುಕೂಟದಲ್ಲಿಯೂ ಕೂಡಿದುವು. ಇಂಗ್ಲಿಷ್ ಸೈನ್ಯವು ತನ್ನ ಪುರೋಹಿತನಿಗೆ ಇಂದಿಗೂ ಹೇಳುವ ‘ಪಾದ್ರೆ’ಯೂ ಭಾರತದ ಪೋರ್ಚುಗೀಸರಿಂದ ಪಡೆದುದೇ.

ತಂದೆಯ ಹೆಸರು ಗುರುವಿಗೆ ಸಲ್ಲುವುದು ಕನ್ನಡಕ್ಕೆ ಹೊಸದಲ್ಲ. ‘ಅಯ್ಯ’ ಎಂಬುದು ತಂದೆಗೂ ಜಂಗಮನಿಗೂ ಸಲ್ಲುವುದು. ಉತ್ತರ ಕರ್ನಾಟಕದಲ್ಲಿ ಮಠದ ಸ್ವಾಮಿಗಳನ್ನು ‘ಅಪ್ಪ’ ಎನ್ನುವರು. ಸ್ಪಾನಿಷಿನ ಪಾದ್ರೆಯಲ್ಲಿರುವ ಅರ್ಥದ್ವಯವು ಈ ಶಬ್ದಗಳಲ್ಲಿ ಮೊದಲೇ ಇದ್ದಿತು. ಕನ್ನಡವು ಪೋರ್ಚುಗೀಸರಿಂದ ತನ್ನಲ್ಲಿಲ್ಲದಿದ್ದುದನ್ನು, ಅಂದರೆ ಹೊಸ ಮತದ ಗುರುವಿನ ಹೆಸರನ್ನು, ಮಾತ್ರ ತೆಗೆದುಕೊಂಡು, ತಂದೆಯನ್ನು ತನ್ನ ಮಾತಿನಲ್ಲಿಯೇ ಕರೆಯಿತು. ಮಂಗಳೂರಿನಲ್ಲಿ ಈಗ ‘ಫಾದರ್’ ಎಂಬ ಇಂಗ್ಲಿಷ್ ಶಬ್ದವು ಪಾದ್ರಿಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವುದು. ಅದೂ ಗುರುವಿನ ಅರ್ಥದಲ್ಲಿಯೇ.