ಬಸಿರು, ಬಾಣಂತನ ಮತ್ತು ವಿವಾಹ ವಿಚ್ಛೇದನ: ಹಾಸನ ಸೀಮೆಯಲ್ಲಿ ಕಾನೂನು ನಡೆದುಬಂದ ಬಗೆ

ಹೆಂಡತಿ ಬಸುರಿಯಾಗಿರುವಾಗ ದಾಂಪತ್ಯ ಮುರಿದರೆ ಗಂಡ, ಹೆಂಡತಿ ಮತ್ತು ಹುಟ್ಟಲಿರುವ ಮಗುವಿನ ಹಕ್ಕುಬಾಧ್ಯತೆಗಳನ್ನು ತೀರ್ಮಾನಿಸುವ ಕಟ್ಟಳೆ, ಕಾಯಿದೆ ಮತ್ತು ತೀರ್ಪುಗಳ ಇತಿಹಾಸ. ಇಲ್ಲಿ ಹೇಳುವುದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು. ಬಸುರಿ ಹೆಂಡತಿಗೆ ಡೈವೋರ್ಸ್ ಕೊಡುವ ಹಾಗಿಲ್ಲ ಎಂಬ ನಂಬಿಕೆ ಈ ಕಡೆ ಗಟ್ಟಿಯಾಗಿದೆ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಅಂಥ ನಿಷೇಧ ಎಲ್ಲಿಯೂ ಇಲ್ಲ. ಹಾಗೆಂದು ಆ ನಂಬಿಕೆ ಪೂರ್ತಿ ಹುಸಿಯೂ ಅಲ್ಲ. ಕಾಯಿದೆ ಅಲ್ಲಲ್ಲಿ ಹಾಕಿರುವ ಗಡುವುಗಳನ್ನು ಬಸಿರಿನ ಒಂಬತ್ತು ತಿಂಗಳ ಪಕ್ಕದಲ್ಲಿಟ್ಟು ಕೂಡಿ ಕಳೆದರೆ ಅದು ಎಲ್ಲಿಂದ ಹುಟ್ಟಿತು ಎಂಬುದು ತಿಳಿಯುತ್ತದೆ.

ಕಟ್ಟೆಮನೆಯ ಕಾಲ

ಹಳೆ ಮೈಸೂರು ಸೀಮೆಯಲ್ಲಿ ಮದುವೆಯ ತಕರಾರುಗಳು ಬಹುಕಾಲ ಕೋರ್ಟಿಗೆ ಹೋಗಲಿಲ್ಲ. ಜಾತಿಯ ಯಜಮಾನ, ಕಟ್ಟೆಮನೆ, ಊರ ಪಂಚಾಯ್ತಿ ಇವುಗಳ ಮುಂದೆ ತೀರುತ್ತಿದ್ದವು. ಬ್ರಾಹ್ಮಣರಲ್ಲಿ ಬಿಡುಗಡೆಯೇ ಇರಲಿಲ್ಲ. ಒಕ್ಕಲು ಮಕ್ಕಳ ಅನೇಕ ಪಂಗಡಗಳಲ್ಲಿ, ಕುರುಬರೇ ಮೊದಲಾದವರಲ್ಲಿ, ಗಂಡನನ್ನು ಬಿಟ್ಟವಳಿಗೂ ಗಂಡ ಸತ್ತವಳಿಗೂ ಇನ್ನೊಂದು ಸಂಬಂಧಕ್ಕೆ ದಾರಿಯಿತ್ತು. ಕೂಡಿಕೆ, ಸೀರುಡಿಕೆ ಎಂದು ಅದಕ್ಕೆ ಹೆಸರು. ಸೀರೆ ಕೊಟ್ಟು ಕರೆದುಕೊಳ್ಳುವುದು, ಹಿಂದಿನವನ ತೆರ ಹಿಂದಿರುಗಿಸುವುದು, ಯಜಮಾನನ ಮುಂದೆ ತಪ್ಪು ಕಾಣಿಕೆ ಕಟ್ಟುವುದು ಇದರ ಕ್ರಮ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳಲ್ಲಿ ಇಂಥ ಕಟ್ಟಳೆಗಳು ಜಾತಿವಾರು ದಾಖಲಾಗಿವೆ.

ಮಕ್ಕಳ ವಿಷಯದಲ್ಲಿ ಮಾತ್ರ ಆ ಕಟ್ಟಳೆಗೆ ಉದಾರತೆಯಿರಲಿಲ್ಲ. ಕೂಡಿಕೆಯಾಗಿ ಹೋದವಳು ಹಿಂದಿನ ಗಂಡನ ಆಸ್ತಿಯನ್ನೂ ಅವನಿಗೆ ಹುಟ್ಟಿದ ಮಕ್ಕಳನ್ನೂ ಬಿಟ್ಟು ಹೋಗಬೇಕು. ಮಕ್ಕಳು ಗಂಡನ ಮನೆಯ ಸೊತ್ತು. ಈ ನೋವಿಗೆ ಸಾಹಿತ್ಯದಲ್ಲಿ ರೂಪ ಕೊಟ್ಟವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು. ಅವರ ‘ವಂಶವೃಕ್ಷ’ದ ಕಾತ್ಯಾಯನಿ ಮರುಮದುವೆಯಾಗುತ್ತಾಳೆ, ಮಗು ಮಾವನ ಮನೆಯಲ್ಲೇ ಉಳಿಯುತ್ತದೆ. ಕಾದಂಬರಿಯ ಮನೆ ಬ್ರಾಹ್ಮಣರದು, ಊರು ನಂಜನಗೂಡು. ಆದರೂ ಮಗು ಯಾರದು ಎಂಬ ಪ್ರಶ್ನೆಯಲ್ಲಿ ಅಗ್ರಹಾರಕ್ಕೂ ಒಕ್ಕಲು ಕೇರಿಗೂ ಅಷ್ಟೇನೂ ಅಂತರವಿರಲಿಲ್ಲ.

ಮೈಸೂರು ಸರ್ಕಾರ ಈ ಕ್ಷೇತ್ರಕ್ಕೆ ಕೈ ಹಾಕಿದ್ದು ಅರ್ಧಂಬರ್ಧ. 1894ರಲ್ಲಿ ಶಿಶುವಿವಾಹ ತಡೆಯುವ ಕಾನೂನು ಬಂತು. 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ಮತ್ತು ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯಿದೆ ಬಂತು. ಬ್ರಿಟಿಷ್ ಇಂಡಿಯಾ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ ಮಾಡಿದ್ದು 1937ರಲ್ಲಿ. ಮೈಸೂರು 4 ವರ್ಷ ಮುಂದಿತ್ತು. ವಿಚ್ಛೇದನದಲ್ಲಿ ಈ ಮುಂದಾಳುತನ ಕಾಣುವುದಿಲ್ಲ. ಬೊಂಬಾಯಿ ಪ್ರಾಂತ 1947ರಲ್ಲಿ, ಮದರಾಸು 1949ರಲ್ಲಿ ಹಿಂದೂ ವಿಚ್ಛೇದನಕ್ಕೆ ಕಾಯಿದೆ ಮಾಡಿದವು. 1955ರ ಕಾಯಿದೆಯ 30ನೆಯ ಸೆಕ್ಷನ್ ರದ್ದುಪಡಿಸಿದ ಪ್ರಾಂತೀಯ ಕಾಯಿದೆಗಳ ಪಟ್ಟಿಯಲ್ಲಿ ಬೊಂಬಾಯಿ, ಮದರಾಸು, ಸೌರಾಷ್ಟ್ರಗಳಿವೆ, ಮೈಸೂರಿನದು ಒಂದೂ ಇಲ್ಲ. ಹೀಗಾಗಿ ಧಾರವಾಡದ ಅಥವಾ ಮಂಗಳೂರಿನ ಹೆಂಗಸಿಗೆ ಕೋರ್ಟಿನ ದಾರಿ ತೆರೆದಿದ್ದ ವರ್ಷಗಳಲ್ಲೂ ಹಾಸನದವಳಿಗೆ ಕಟ್ಟೆಮನೆಯೇ ಗತಿಯಾಗಿತ್ತು.

ಗಡುವುಗಳ ಲೆಕ್ಕ

ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ ಅಧ್ಯಕ್ಷತೆಯಲ್ಲಿ 1941ರಲ್ಲಿ ನೇಮಕವಾದ ಸಮಿತಿಯಿಂದ ಮೊದಲಾಗಿ, ಅಂಬೇಡ್ಕರ್ ಮಂಡಿಸಿದ ಹಿಂದೂ ಸಂಹಿತೆಯ ಮಸೂದೆಯನ್ನು ಹಾದು ಬಂದ ಹಿಂದೂ ವಿವಾಹ ಕಾಯಿದೆ 1955ರ ಮೇ 18ರಿಂದ ಜಾರಿಯಾಯಿತು. ಬಸಿರಿನ ಮಾತು ಅದರಲ್ಲಿ ನೇರವಾಗಿ ಬರುವುದು ಒಂದೇ ಕಡೆ: ಮದುವೆಯ ಹೊತ್ತಿಗೇ ಹೆಂಡತಿ ಬೇರೊಬ್ಬನಿಂದ ಗರ್ಭಿಣಿಯಾಗಿದ್ದರೆ 12ನೆಯ ಸೆಕ್ಷನ್ನಿನಡಿ ಗಂಡ ಆ ಮದುವೆಯನ್ನು ರದ್ದು ಮಾಡಿಸಬಹುದು. ಮದುವೆಯಾಗುವಾಗ ಅವನಿಗೆ ಅದು ಗೊತ್ತಿರಬಾರದು, ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು, ಗೊತ್ತಾದ ಮೇಲೆ ಒಪ್ಪಿ ಸಂಸಾರ ಮಾಡಿರಬಾರದು.

ಮದುವೆಯ ನಂತರದ ಬಸಿರಿನ ಬಗ್ಗೆ ಕಾಯಿದೆ ಮೌನ. ಇಲ್ಲಿಯೇ ಗಡುವುಗಳ ಆಟ ಶುರು. 14ನೆಯ ಸೆಕ್ಷನ್ ಪ್ರಕಾರ ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. 1976ರ ತಿದ್ದುಪಡಿಗೆ ಮುಂಚೆ ಇದು 3 ವರ್ಷವಿತ್ತು. ಅಸಾಧಾರಣ ಕಷ್ಟವಿದ್ದರೆ ವಿನಾಯಿತಿ ಉಂಟು, ಆದರೆ ಅದನ್ನು ಕೊಡುವಾಗ ಮಕ್ಕಳ ಹಿತವನ್ನೂ ನೋಡಬೇಕು. ಮದುವೆಯಾದ ವರ್ಷದೊಳಗೇ ಬಸಿರು ನಿಲ್ಲುವ ನಮ್ಮ ಕಡೆಯ ವಾಡಿಕೆಯಲ್ಲಿ ಚೊಚ್ಚಲ ಬಸಿರಿನ ಬಹುಭಾಗ ಈ ವರ್ಷದಲ್ಲೇ ಕಳೆದುಹೋಗುತ್ತದೆ. ಇನ್ನು ತೊರೆದು ಹೋದಳೆಂಬ ಕಾರಣಕ್ಕೆ ಬಿಡುಗಡೆ ಬೇಕಾದರೆ ಅರ್ಜಿಗೆ ಹಿಂದಿನ ಎಡಬಿಡದ 2 ವರ್ಷ ತೊರೆದಿರಬೇಕು. ಬಸಿರು, ಹೆರಿಗೆ ಕಳೆದು ಮಗು ನಡೆಯತೊಡಗಿದರೂ ಆ ಲೆಕ್ಕ ಮುಗಿದಿರುವುದಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರಲ್ಲಿ 13ಬಿ ಸೆಕ್ಷನ್ನಾಗಿ ಬಂತು. ಅದಕ್ಕೆ ಒಂದು ವರ್ಷ ದಂಪತಿಗಳಾಗಿ ಬಾಳದೆ ಬೇರೆ ಇದ್ದಿರಬೇಕು. ಗಂಡನಿಂದಲೇ ಬಸುರಿಯಾದವಳು ಅಂಥ ಅರ್ಜಿಗೆ ಸಹಿ ಹಾಕಿದರೆ, ಅರ್ಜಿಯ ಮಾತನ್ನು ಅವಳ ಹೊಟ್ಟೆಯೇ ಅಲ್ಲಗಳೆಯುತ್ತದೆ! ಉಳಿಯುವುದು ಕ್ರೌರ್ಯದ ಕಾರಣ. 1955ರಲ್ಲಿ ಅದು ನ್ಯಾಯಿಕ ಪ್ರತ್ಯೇಕತೆಗೆ ಮಾತ್ರ ಸಾಕಾಗಿತ್ತು, ವಿಚ್ಛೇದನಕ್ಕೆ ಕಾರಣವಾದದ್ದು 1976ರಲ್ಲಿ. ಈಗ ಬಸುರಿ ಹೆಂಡತಿಯ ಮೇಲೋ, ಬಸುರಿ ಹೆಂಡತಿಯಿಂದಲೋ ಅರ್ಜಿ ಬಂದರೆ ಸಾಮಾನ್ಯವಾಗಿ ಆ ಒಂದು ಪದದ ಮೇಲೆಯೇ ನಿಂತಿರುತ್ತದೆ.

ಕಟ್ಟೆಮನೆ ಪೂರ್ತಿ ಅಳಿಯಲಿಲ್ಲ. 29ನೆಯ ಸೆಕ್ಷನ್ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಅದನ್ನೇ ನಂಬಿ ಛಾಪಾ ಕಾಗದದಲ್ಲಿ ಬಿಡುಗಡೆ ಪತ್ರ ಬರೆಸುವುದು ಹಳ್ಳಿಗಳಲ್ಲಿ ಇಂದಿಗೂ ಉಂಟು: ಎರಡೂ ಕಡೆಯ ಹಿರಿಯರ ಸಹಿ, ಒಡವೆ ವಸ್ತು ಹಿಂದಿರುಗಿಸಿದ ವಿವರ, ಹುಟ್ಟುವ ಮಗುವಿನ ಮೇಲೆ ಗಂಡನಿಗೆ ಯಾವ ಹಕ್ಕೂ ಇಲ್ಲ, ಅವನಿಂದ ಏನನ್ನೂ ಕೇಳುವುದಿಲ್ಲ ಎಂಬ ಒಂದು ಸಾಲು. ರೂಢಿ ಇದೆಯೆಂದು ವಾದದಲ್ಲಿ ಹೇಳಿ ಸಾಕ್ಷ್ಯದಿಂದ ರುಜುವಾತು ಮಾಡದಿದ್ದರೆ ಬರೀ ಪತ್ರದಿಂದ ಮದುವೆ ಮುರಿಯದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಮಗುವಿನ ಜೀವನಾಂಶವನ್ನು ಹುಟ್ಟುವ ಮೊದಲೇ ಬರೆದುಕೊಡಲು ತಾಯಿಗೂ ಅಧಿಕಾರವಿಲ್ಲ. ಆ ಕೊನೆಯ ಸಾಲಿಗೆ ಶಾಯಿಯ ಬೆಲೆಯೂ ಇಲ್ಲ.

ತವರಿಗೆ ಹೋದವಳು

ಈ ಸೀಮೆಯ ದಾಂಪತ್ಯ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಎದುರಾಗುವ ಜಾಗ ಬಾಣಂತನ. ಏಳನೆಯ ತಿಂಗಳಿಗೆ ಸೀಮಂತ ಮಾಡಿ, ಬಳೆ ತೊಡಿಸಿ, ಮಡಿಲು ತುಂಬಿ ತವರಿನವರು ಕರೆದೊಯ್ಯುತ್ತಾರೆ. ಚೊಚ್ಚಲ ಹೆರಿಗೆ ತವರಿನ ಹೊಣೆ. ಮೂರೋ ಐದೋ ತಿಂಗಳಿಗೆ ಗಂಡನ ಮನೆಯವರು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋಗಬೇಕು. ಮುರಿಯುವ ಸಂಸಾರ ಈ ಕೊನೆಯ ಮೆಟ್ಟಿಲಲ್ಲಿ ಮುರಿಯುತ್ತದೆ. ಗಂಡನ ಅರ್ಜಿಯಲ್ಲಿ, ಹೆರಿಗೆಗೆಂದು ಹೋದವಳು ಇದುವರೆಗೂ ಹಿಂದಿರುಗಲಿಲ್ಲ ಎಂದಿರುತ್ತದೆ. ಹೆಂಡತಿಯ ಆಕ್ಷೇಪಣೆಯಲ್ಲಿ, ಮಗುವಿನ ಮುಖ ನೋಡಲೂ ಅವನು ಬರಲಿಲ್ಲ ಎಂದು. ಆಸ್ಪತ್ರೆಯ ಬಿಲ್ಲು, ತಾಯಿ ಕಾರ್ಡು, ನಾಮಕರಣದ ಫೋಟೊದಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದು, ಎಲ್ಲವೂ ಸಾಕ್ಷ್ಯವಾಗುತ್ತವೆ. ಬೇರೆ ಇರುವುದಷ್ಟೇ ತೊರೆಯುವುದಲ್ಲ, ಸಂಸಾರವನ್ನು ಶಾಶ್ವತವಾಗಿ ಮುಗಿಸುವ ಮನಸ್ಸೂ ಇರಬೇಕೆಂದು ಸುಪ್ರೀಂ ಕೋರ್ಟ್ 1956ರಲ್ಲೇ ವಿವರಿಸಿತ್ತು. ಬಾಣಂತನಕ್ಕೆ ಹೋಗುವುದು ಆ ಮನಸ್ಸಿನ ಗುರುತಾಗಲಾರದು.

ಅರ್ಜಿ ಎಲ್ಲಿ ಹಾಕಬೇಕೆಂಬುದೂ ತವರಿಗೆ ತಗುಲಿಕೊಂಡಿದೆ. ಹಾಸನದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ತಾಲ್ಲೂಕು ಕೇಂದ್ರಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಎಂ.ಸಿ. (ವೈವಾಹಿಕ ಪ್ರಕರಣ) ನಂಬರಿನಲ್ಲಿ ಈ ಪ್ರಕರಣಗಳು ದಾಖಲಾಗುತ್ತವೆ. ಹೊಳೆನರಸೀಪುರದ ಛತ್ರದಲ್ಲಿ ಮದುವೆ, ಚನ್ನರಾಯಪಟ್ಟಣದ ಹತ್ತಿರ ಗಂಡನ ಊರು, ಸಂಸಾರ ಬೆಂಗಳೂರಿನಲ್ಲಿ, ತವರು ಅರಕಲಗೂಡು ಎಂದಿಟ್ಟುಕೊಳ್ಳಿ. ಮೊದಲ ಮೂರು ಕಡೆ ಅರ್ಜಿಗೆ ಅವಕಾಶ ಮುಂಚೆಯೇ ಇತ್ತು, ನಾಲ್ಕನೆಯ ಕಡೆ ಇರಲಿಲ್ಲ. ಹೆಂಡತಿ ತಾನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದೆಂದು 19ನೆಯ ಸೆಕ್ಷನ್ನಿಗೆ 2003ರಲ್ಲಿ ತಿದ್ದುಪಡಿಯಾಯಿತು. ದಿನ ತುಂಬಿದ ಹೆಂಗಸು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ವಾಯಿದೆಗೆ ಅಲೆಯುವುದನ್ನು ತಪ್ಪಿಸಿದ ಈ ಎರಡು ಸಾಲಿನ ತಿದ್ದುಪಡಿ, ದೊಡ್ಡ ಹೆಸರಿನ ಸುಧಾರಣೆಗಳಿಗಿಂತ ಹೆಚ್ಚು ಕೆಲಸ ಮಾಡಿದೆ ಎನ್ನಬೇಕು. ಗಂಡನೇ ಬೇರೆ ಕಡೆ ಹಾಕಿದ್ದರೆ ವರ್ಗಾವಣೆ ಕೋರಿ ಹೈಕೋರ್ಟಿಗೆ ಹೋಗಬಹುದು. ಜೀವನಾಂಶಕ್ಕೆ ವಿಚ್ಛೇದನ ಮುಗಿಯುವವರೆಗೆ ಕಾಯಬೇಕಿಲ್ಲ, ಮಧ್ಯಂತರವಾಗಿಯೇ ಕೇಳಬಹುದು. ಅದನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಹೇಳಿತು.

ಮುಸ್ಲಿಮರಲ್ಲಿ ಬಸಿರು ನೇರವಾಗಿಯೇ ಲೆಕ್ಕಕ್ಕೆ ಬರುತ್ತದೆ. ತಲಾಖ್ ಆದಾಗ ಹೆಂಡತಿ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೂ ಇದ್ದತ್, ಅಂದರೆ ಮರುಮದುವೆಗೆ ಮುಂಚೆ ಕಾಯಬೇಕಾದ ಅವಧಿ, ನಡೆಯುತ್ತದೆ. 1986ರ ಕಾಯಿದೆ ಇದನ್ನು ಬರಹಕ್ಕಿಳಿಸಿ, ಮಗು ಹುಟ್ಟಿದ ಮೇಲೆ 2 ವರ್ಷ ಅದರ ಪಾಲನೆಗೆ ಹಿಂದಿನ ಗಂಡ ತಾಯಿಗೆ ಕೊಡಬೇಕೆಂದಿತು. ಒಂದೇ ಉಸಿರಿನ ಮೂರು ತಲಾಖ್ 2017ರ ತೀರ್ಪಿನಿಂದ ಬಿದ್ದುಹೋಯಿತು, 2019ರ ಕಾಯಿದೆಯಿಂದ ಅಪರಾಧವೂ ಆಯಿತು.

280 ದಿನ

ಮಗು ಯಾರದು ಎಂಬುದಕ್ಕೆ ಉತ್ತರ ವಿವಾಹ ಕಾಯಿದೆಯಲ್ಲಿಲ್ಲ, 1872ರ ಸಾಕ್ಷ್ಯ ಕಾಯಿದೆಯ 112ನೆಯ ಸೆಕ್ಷನ್ನಿನಲ್ಲಿತ್ತು. ಮದುವೆ ಊರ್ಜಿತವಾಗಿರುವಾಗ ಅಥವಾ ಅದು ಮುರಿದ 280 ದಿನದೊಳಗೆ, ತಾಯಿ ಮರುಮದುವೆಯಾಗದೆ ಇರುವಾಗ ಹುಟ್ಟಿದ ಮಗು ಆ ಗಂಡನದೇ. ಗಂಡ ಹೆಂಡಿರಿಗೆ ಒಬ್ಬರ ಬಳಿ ಒಬ್ಬರು ಸೇರುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ವಿನಾಯಿತಿ. ನಮ್ಮ ಅಜ್ಜಿಯರು ಹೇಳುವ ಒಂಬತ್ತು ತಿಂಗಳು ಒಂಬತ್ತು ದಿನವನ್ನು ಮೂವತ್ತರ ತಿಂಗಳಿನಲ್ಲಿ ಲೆಕ್ಕ ಹಾಕಿದರೆ 279. ಇಂಗ್ಲಿಷರ ಕಾನೂನಿಗೂ ಸೂಲಗಿತ್ತಿಯ ಕೈಬೆರಳಿಗೂ ಒಂದೇ ದಿನದ ವ್ಯತ್ಯಾಸ. 2024ರ ಜುಲೈ 1ರಿಂದ ಇದೇ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಸೆಕ್ಷನ್ನಾಗಿದೆ. ಡಿಎನ್‌ಎ ಪರೀಕ್ಷೆಯ ಫಲ ಎದುರಿಗಿದ್ದಾಗ ವಿಜ್ಞಾನವೇ ಮೇಲು ಎಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಹೆಂಡತಿಯ ನಡತೆ ಸಾಬೀತು ಮಾಡುವುದಕ್ಕೆಂದು ಮಗುವಿಗೆ ಸಲೀಸಾಗಿ ಆ ಪರೀಕ್ಷೆ ಮಾಡಿಸಬಾರದೆಂದು 2023ರಲ್ಲಿ ಎಚ್ಚರಿಸಿತು.

ಹೊಲ ತೋಟವಿರುವ ಮನೆಯಲ್ಲಿ ಈ ಲೆಕ್ಕ ಪಹಣಿಯವರೆಗೂ ಹೋಗುತ್ತದೆ. ಮಿತಾಕ್ಷರ ಪದ್ಧತಿಯಲ್ಲಿ ಪಾಲು ಮಾಡುವಾಗ ಮನೆಯಲ್ಲಿ ಬಸುರಿಯಿದ್ದರೆ ಹೆರಿಗೆಯವರೆಗೆ ತಡೆಯಬೇಕು, ಇಲ್ಲವೇ ಒಂದು ಪಾಲು ಎತ್ತಿಡಬೇಕು. ಎತ್ತಿಟ್ಟ ಪಾಲು ಗಂಡು ಹುಟ್ಟಿದರೆ ಅವನಿಗೆ, ಹೆಣ್ಣಾದರೆ ಇಲ್ಲ ಎಂಬುದು ಹಿಂದಿನ ನಿಯಮವಾಗಿತ್ತು. ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರಾದ ಮೇಲೆ ಚನ್ನರಾಯಪಟ್ಟಣದ ತೆಂಗಿನ ತೋಟವಾಗಲಿ ಅರಕಲಗೂಡಿನ ಹೊಗೆಸೊಪ್ಪಿನ ಹೊಲವಾಗಲಿ, ಹೊಟ್ಟೆಯಲ್ಲಿರುವುದು ಯಾವುದೆಂದು ಕಾಯುವ ಪ್ರಮೇಯ ತಪ್ಪಿತು. ಮದುವೆಯೇ ಅಸಿಂಧುವಾದರೂ 16ನೆಯ ಸೆಕ್ಷನ್ ಮಗುವನ್ನು ಸಕ್ರಮವೆನ್ನುತ್ತದೆ. ಅಂಥ ಮಗುವಿಗೆ ಪಿತ್ರಾರ್ಜಿತದಲ್ಲಿ ತಂದೆಯ ಭಾಗಕ್ಕೆ ಬರುವುದರಲ್ಲಿ ಹಕ್ಕುಂಟೆಂದು, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿತು.

ತಾಯಿಯ ಒಪ್ಪಿಗೆ, ತಂದೆಯ ಭೇಟಿ

ಮಗು ಹುಟ್ಟುವವರೆಗೆ ತಂದೆಗೆ ಅದರ ಮೇಲೆ ಅಧಿಕಾರವಿಲ್ಲ. 1971ರ ಗರ್ಭಪಾತ ಕಾಯಿದೆ ಕೇಳುವುದು ವಯಸ್ಕ ಹೆಂಗಸಿನ ಒಪ್ಪಿಗೆಯನ್ನು ಮಾತ್ರ. ಬಸಿರು ನಡೆಯುತ್ತಿರುವಾಗಲೇ ವಿಧವೆಯಾದವಳು ಅಥವಾ ವಿಚ್ಛೇದನವಾದವಳು 24 ವಾರದವರೆಗೂ ಗರ್ಭ ತೆಗೆಸಬಹುದೆಂದು 2021ರ ನಿಯಮಗಳು ಹೇಳುತ್ತವೆ. ವಿಚ್ಛೇದನದ ಡಿಕ್ರಿ ಅಷ್ಟು ಬೇಗ ಯಾವ ಕೋರ್ಟಿನಿಂದ ಬರುತ್ತದೆ? ಈ ತೊಡಕನ್ನು ಕಂಡೇ ಕೇರಳ ಹೈಕೋರ್ಟ್ 2022ರಲ್ಲಿ, ದಾಂಪತ್ಯ ನಿಜವಾಗಿ ಮುರಿದಿದ್ದರೆ ಸಾಕು, ಡಿಕ್ರಿ ಬೇಡ ಎಂದಿತು. ಇನ್ನೊಂದು ಕಡೆ, ಗಂಡನಿಗೆ ತಿಳಿಸದೆ ಸಕಾರಣವಿಲ್ಲದೆ ಗರ್ಭ ತೆಗೆಸಿಕೊಂಡರೆ ಅದು ಮಾನಸಿಕ ಕ್ರೌರ್ಯವಾಗಬಹುದೆಂದು 2007ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಒಂದು ಕಾಯಿದೆಯಲ್ಲಿ ಹಕ್ಕಾಗಿರುವುದು ಇನ್ನೊಂದರಲ್ಲಿ ವಿಚ್ಛೇದನಕ್ಕೆ ಕಾರಣವಾಗುವ ಈ ವಿರೋಧ ಇನ್ನೂ ಬಗೆಹರಿದಿಲ್ಲ.

ಹುಟ್ಟಿದ ಮೇಲೆ 1956ರ ಪೋಷಕತ್ವ ಕಾಯಿದೆ ತಂದೆಯನ್ನು ಮೊದಲ ಸಹಜ ಪೋಷಕನೆನ್ನುತ್ತದೆ. ಜೊತೆಗೇ, 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ. ಲೇಖಕಿ ಗೀತಾ ಹರಿಹರನ್ ಹೂಡಿದ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ತಂದೆಯ ನಂತರ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ಅಲ್ಲ, ಅವನು ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದು ಅರ್ಥೈಸಿತು. ತಂದೆ ಪೋಷಕತ್ವ ಕೋರುವುದಾದರೆ 1890ರ ಕಾಯಿದೆಯಂತೆ ಮಗು ಸಾಧಾರಣವಾಗಿ ವಾಸವಿರುವ ಕಡೆಯ ನ್ಯಾಯಾಲಯಕ್ಕೇ ಬರಬೇಕು. ಬಾಣಂತನಕ್ಕೆ ಹೋದ ಮನೆಯಲ್ಲೇ ಮಗು ಬೆಳೆದರೆ ಅವನು ಅಲೆಯಬೇಕಾದ್ದೂ ಅಲ್ಲಿಗೇ. ಸುಪರ್ದಿ ಸಿಗದವನಿಗೆ ಭೇಟಿಯ ಹಕ್ಕು ಸಿಗುತ್ತದೆ: ತಿಂಗಳಿಗೆ ಇಷ್ಟು ದಿನ, ಇಷ್ಟು ಗಂಟೆ, ಇಂಥ ಜಾಗದಲ್ಲಿ ಎಂದು. ಕೋರ್ಟಿನ ಆವರಣದ ಮರದ ಕೆಳಗೆ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತ ತಂದೆಯನ್ನು ಮೊದಲ ಸಲ ಕಂಡ ಕೂಸು ಅಜ್ಜಿಯ ಸೆರಗು ಬಿಡದೆ ಅಳುವುದು, ಭೇಟಿಯ ಅವಧಿ ಅಷ್ಟರಲ್ಲೇ ಮುಗಿಯುವುದು ಅಪರೂಪವೇನಲ್ಲ. ಆಗ ಮುಂದಿನ ವಾಯಿದೆಗೆ ಇನ್ನೊಂದು ಅರ್ಜಿ ಬರುತ್ತದೆ.