ಬಂಡಿಯ ಕೆಳಗಿನಿಂದ ಗಾಡಿಯ ಮೇಲಕ್ಕೆ

ತಾಳಗುಂದವೆಂದೊಡನೆ ಇತಿಹಾಸದಲ್ಲಿ ಆಸಕ್ತಿಯುಳ್ಳವರ ನೆನಪಿಗೆ ಬರುವುದು ಪ್ರಣವೇಶ್ವರ ದೇವಾಲಯದ ಮುಂದಿರುವ ಕಲ್ಲಿನ ಕಂಬ, ಅದರ ಮೇಲೆ ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಶಾಸನ, ಆ ಶಾಸನ ಹೇಳುವ ಮಯೂರಶರ್ಮನ ಕಥೆ. ವೇದಾಧ್ಯಯನಕ್ಕೆಂದು ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಈ ತರುಣ ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳಕ್ಕೆ ಬಿದ್ದ. ದರ್ಭೆ ಹಿಡಿದು ಪಳಗಿದ ಕೈಯಲ್ಲಿ ಕತ್ತಿ ಹಿಡಿದ. 4ನೆಯ ಶತಮಾನದ ನಡುಭಾಗದಲ್ಲಿ ಕದಂಬ ರಾಜ್ಯ ಹುಟ್ಟಿದ್ದು ಹೀಗೆ. ಶಾಸನದ ಆ ಪದಕ್ಕೆ ಕುದುರೆ ಸವಾರನೆಂದಲ್ಲದೆ ಅಶ್ವಮೇಧದ ಸಂದರ್ಭವೆಂದೂ ಅರ್ಥ ಹೇಳುವ ವಿದ್ವಾಂಸರಿದ್ದಾರೆ. ಆದರೆ ಜನರ ಮನಸ್ಸಿನಲ್ಲಿ ನಿಂತಿರುವುದು ಸವಾರನೇ. ಏರಿ ಕುಳಿತವನಿಗೂ ನೆಲದ ಮೇಲೆ ನಡೆಯುವವನಿಗೂ ಆದ ಜಗಳವಾಗಿಯೇ ಅದು ನಮಗೆ ಅರ್ಥವಾಗುತ್ತದೆ.

ಇತಿಹಾಸವು ಸವಾರನನ್ನು ಕುರಿತು ಬಹಳ ಹೇಳಿದೆ; ಕಾಲ್ನಡಿಗೆಯವನನ್ನು ಕುರಿತು ಸ್ವಲ್ಪವಾದರೂ ಹೇಳಿದೆ. ಇವರಿಬ್ಬರ ನಡುವೆ ಮೂರನೆಯದೊಂದು ಜೀವವಿದೆ. ಸವಾರನು ಹೊರಟಲ್ಲಿಗೆ ತಾನೂ ಹೊರಡುವ, ಆದರೆ ಏರಲು ಕುದುರೆಯಿಲ್ಲದೆ ಪಕ್ಕದಲ್ಲಿ ಓಡುವ ನಾಯಿ ಅದು. ಇಂದು ಆ ನಾಯಿಯೂ ಏರಿ ಕುಳಿತಿದೆ. ಶಿರಾಳಕೊಪ್ಪದಿಂದ ತಾಳಗುಂದ, ಬಳ್ಳಿಗಾವೆಗಳ ಕಡೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಹೊತ್ತು ನಿಂತರೆ, ಮೋಟಾರು ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಮುಂಗಾಲೂರಿ ಗಾಳಿಗೆ ಮುಖವೊಡ್ಡಿದ ಪುಟ್ಟ ನಾಯಿಯೊಂದಾದರೂ ಕಣ್ಣಿಗೆ ಬೀಳುತ್ತದೆ. ನಾವು ನಕ್ಕು ಸುಮ್ಮನಾಗುವ ಈ ನೋಟಕ್ಕೂ ಒಂದು ಇತಿಹಾಸವಿದೆ.

ಶಿಕಾರಿಪುರ, ಸೊರಬ ತಾಲ್ಲೂಕುಗಳು ವೀರಗಲ್ಲುಗಳ ಸೀಮೆ. ಊರಿನ ತುರುಗಳನ್ನು ಹಿಂದಿರುಗಿಸಲು ಹೋರಿ ಸತ್ತವರು, ಊರಳಿವಿನಲ್ಲಿ ಮಡಿದವರು, ಹೆಣ್ಣಿನ ಮೊರೆ ಕೇಳಿ ಓಡಿಹೋಗಿ ಪ್ರಾಣ ಕೊಟ್ಟವರು, ಇವರೆಲ್ಲರ ಕಲ್ಲುಗಳು ಇಲ್ಲಿನ ಕೆರೆಯ ಏರಿಗಳಲ್ಲಿ, ಗುಡಿಯ ಅಂಗಳಗಳಲ್ಲಿ ನಿಂತಿವೆ. ಅವುಗಳ ರಚನೆ ನಿಮಗೆ ತಿಳಿದದ್ದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕುಳ್ಳಿರಿಸಿಕೊಂಡು ಒಯ್ಯುವ ಚಿತ್ರ, ಮೇಲೆ ಶಿವಸಾನ್ನಿಧ್ಯ. ಬೇಟೆಯ ಕಲ್ಲುಗಳಾದರೆ ಕೆಳಗಿನ ಪಟ್ಟಿಕೆಯಲ್ಲಿ ನಾಯಿಯೂ ಹೋರಾಡುತ್ತಿರುತ್ತದೆ. ಆದರೆ ನಾನು ನೋಡಿದ ಕಲ್ಲುಗಳಲ್ಲಿ ಮೇಲಿನ ವಿಮಾನದೊಳಗೆ ನಾಯಿ ಕಂಡಿಲ್ಲ. ಹೋರಾಟದಲ್ಲಿ ಜೊತೆ, ಪ್ರಯಾಣದಲ್ಲಿ ಇಲ್ಲ.

ಇದೇ ಪ್ರಶ್ನೆಯನ್ನು ವ್ಯಾಸರು ಮಹಾಪ್ರಸ್ಥಾನಿಕ ಪರ್ವದಲ್ಲಿ ಎತ್ತಿ ನಿಲ್ಲಿಸಿದ್ದಾರೆ. ಗದಾಪರ್ವದಲ್ಲಿಯೇ ನಿಂತ ನಮ್ಮ ಕುಮಾರವ್ಯಾಸನಲ್ಲಿ ಈ ಪ್ರಸಂಗ ಸಿಕ್ಕುವುದಿಲ್ಲ. ಉಳಿದ ಪರ್ವಗಳನ್ನು ಕನ್ನಡಿಸುವ ಕೆಲಸ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿಯ ಪಾಲಿಗೆ ಬಂತು. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಜೊತೆಯಲ್ಲಿ ಉಳಿದದ್ದು ಒಂದು ನಾಯಿ. ಇಂದ್ರನು ರಥ ತಂದು, ಏರು ಎಂದ. ನಾಯಿಯೂ ಏರಬೇಕೆಂದ ಧರ್ಮರಾಯ. ಸ್ವರ್ಗದಲ್ಲಿ ನಾಯಿಗೆ ಸ್ಥಳವಿಲ್ಲವೆಂದ ಇಂದ್ರ. ನಂಬಿ ಬಂದುದನ್ನು ಬಿಡುವುದು ಬ್ರಹ್ಮಹತ್ಯೆಗೆ ಸಮಾನವಾದ ಪಾಪ, ಹಾಗಾದರೆ ನನಗೂ ರಥ ಬೇಡವೆಂದ ಧರ್ಮರಾಯ. ಆ ನಾಯಿ ಸಾಕ್ಷಾತ್ ಯಮಧರ್ಮನೆಂಬುದು ಆಮೇಲೆ ತಿಳಿದ ಸಂಗತಿ. ವಾದ ಮಾಡುವಾಗ ಅವನ ಮುಂದಿದ್ದದ್ದು ಬರಿಯ ನಾಯಿ. ವಾಹನದಲ್ಲಿ ನಾಯಿಗೆ ಸ್ಥಳವಿದೆಯೆ ಎಂಬ ಪ್ರಶ್ನೆ ನಮ್ಮ ಸಾಹಿತ್ಯದಲ್ಲಿ ಹೀಗೆ ಬಹಳ ದೊಡ್ಡವರ ನಡುವೆ ಚರ್ಚೆಯಾಗಿದೆ.

ಸಾಹಿತ್ಯದಿಂದ ಚರಿತ್ರೆಗೆ ಬಂದರೆ ಕನ್ನಡನಾಡಿನಲ್ಲಿ ನಾಯಿಗೆ ಸಂದ ಬಹು ದೊಡ್ಡ ಗೌರವ ಮಂಡ್ಯ ಜಿಲ್ಲೆಯ ಆತಕೂರಿನದು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಸಂದರ್ಭ. ಆ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ, ಬೇಕಾದುದನ್ನು ಕೇಳು ಎಂಬ ಮಾತು ದೊರೆಯಿತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿಗಳ ಹೋರಾಟವನ್ನು ಅದರ ಮೇಲೆ ಕೆತ್ತಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟು ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಸಾಮ್ರಾಜ್ಯದ ವಿಜಯವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಇರುವುದನ್ನು ನೋಡಬೇಕೆನ್ನುವವರು ಅಲ್ಲಿಗೆ ಹೋಗಬಹುದು.

ಗೊರವನೆಂಬ ಮಾತು ಬಂದದ್ದರಿಂದ ಇನ್ನೊಂದನ್ನು ನೆನೆಯಬೇಕು. ಅಂದು ಶೈವ ಸ್ಥಾನದ ತಪಸ್ವಿಗೆ ಸಲ್ಲುತ್ತಿದ್ದ ಆ ಹೆಸರು ಇಂದು ಉಳಿದಿರುವುದು ಮೈಲಾರಲಿಂಗನ ಒಕ್ಕಲಿನಲ್ಲಿ. ಶಿಕಾರಿಪುರದಿಂದ ಉತ್ತರಕ್ಕೆ ಹೋದರೆ ರಾಣೆಬೆನ್ನೂರು ಸೀಮೆಯ ದೇವರಗುಡ್ಡ. ಅದರಾಚೆ ತುಂಗಭದ್ರೆಯ ದಡದ ಮೈಲಾರ. ಅಲ್ಲಿನ ದೇವರು ಕುದುರೆ ಸವಾರ, ಜೊತೆಗೆ ನಾಯಿ. ಕಂಬಳಿ ಹೊದೆದ ಗೊರವರು ತಾವೇ ಆ ದೇವರ ನಾಯಿಗಳೆಂದು ಬಗೆದು, ಬೊಗಳಿ, ದೋಣಿಯಲ್ಲಿ ಇಟ್ಟ ಎಡೆಗೆ ಬಾಯಿ ಹಾಕುತ್ತಾರೆ. ನಾಯಿಯಾಗುವುದು ಅಲ್ಲಿ ಅವಮಾನವಲ್ಲ, ಒಡೆಯನ ಜೊತೆ ಓಡುವವನ ಪದವಿ. ಆದರೆ ಗಮನಿಸಿ: ದೇವರು ಕುದುರೆಯ ಮೇಲೆ, ನಾಯಿ ಇಲ್ಲಿಯೂ ನೆಲದ ಮೇಲೆಯೇ.

ಕುದುರೆ ಅರಸರದು, ಬಂಡಿ ಒಕ್ಕಲಿಗನದು. ಬಂಡಿಯ ಕಾಲಕ್ಕೆ ಬಂದಾಗ ನಾಯಿಯ ಸ್ಥಳ ಪಕ್ಕದಿಂದ ಕೆಳಕ್ಕೆ ಬಂತು. ಬಿಸಿಲಿಗೆ ನೆರಳಾಗಿ ಅಚ್ಚಿನ ಕೆಳಗೆ ನಡೆದು ಬರುವ ನಾಯಿಯನ್ನು ಕಂಡ ನಮ್ಮ ಹಿರಿಯರು, ಬಂಡಿಯನ್ನು ತಾನೇ ಎಳೆಯುತ್ತಿದ್ದೇನೆಂದು ಅದು ತಿಳಿದುಕೊಂಡಿತಂತೆ ಎಂದು ಗಾದೆ ಕಟ್ಟಿ ನಕ್ಕರು. ನಾಯಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿದರೆ ಎಲುಬು ಕಂಡಲ್ಲಿ ಹಾರಿತೆಂಬುದು ಇನ್ನೊಂದು ಗಾದೆ. ಈ ಎರಡು ಗಾದೆಗಳ ಇಂಗಿತ ಒಂದೇ. ವಾಹನ ನಾಯಿಯದಲ್ಲ, ಅದರ ಅಡಿಯಲ್ಲಿ ಇರಲಿ, ಮೇಲಕ್ಕೆ ಬೇಡ.

ಈ ಕಟ್ಟಳೆಯನ್ನು ಮುರಿದದ್ದು ಮೋಟಾರು. ಕಾರಣ ಸರಳ: ಮೋಟಾರಿನ ಜೊತೆ ಓಡುವಷ್ಟು ಕಾಲು ಯಾವ ನಾಯಿಗೂ ಇಲ್ಲ. ಒಂದೋ ಮನೆಯಲ್ಲಿ ಬಿಟ್ಟು ಹೋಗಬೇಕು, ಇಲ್ಲವೆ ಮೇಲೆ ಹತ್ತಿಸಿಕೊಳ್ಳಬೇಕು. 1903ರಲ್ಲಿ ಹೊರೇಷಿಯೋ ನೆಲ್ಸನ್ ಜಾಕ್ಸನ್ ಎಂಬ ವೈದ್ಯ ಅಮೆರಿಕವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿನವರೆಗೆ ಮೊತ್ತಮೊದಲಿಗೆ ಕಾರಿನಲ್ಲಿ ದಾಟಿದಾಗ ದಾರಿಯಲ್ಲಿ ಬಡ್ ಎಂಬ ನಾಯಿಯನ್ನು ಜೊತೆಗೆ ಸೇರಿಸಿಕೊಂಡ. ರಸ್ತೆಯ ಧೂಳಿಗೆ ಅದರ ಕಣ್ಣು ಉರಿಯತೊಡಗಿದಾಗ, ತಾನು ಹಾಕಿಕೊಂಡಂಥ ಕನ್ನಡಕವನ್ನೇ ಅದಕ್ಕೂ ತೊಡಿಸಿದ. ಜನ ಆ ಚಿತ್ರವನ್ನು ನೋಡಿ ನಗುತ್ತಾರೆ. ನನಗೆ ಅದು ನಗುವ ಚಿತ್ರವಾಗಿ ಕಾಣುವುದಿಲ್ಲ. ಜೊತೆಗೆ ಕರೆದೊಯ್ದ ಪ್ರಾಣಿಯ ಕಣ್ಣು ತನ್ನ ಕಣ್ಣಿನಂತೆಯೇ ಉರಿಯುತ್ತದೆಂದು ಸವಾರನೊಬ್ಬ ಅರಿತ ಕ್ಷಣ ಅದು.

ಎರಡು ಚಕ್ರದ ಗಾಡಿಯಾದರೋ ಕುದುರೆಯ ನೇರ ವಾರಸುದಾರ. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಕೂರಿಸಿ ಮಾಡಿದ ಗಾಡಿಗೆ ಇಟ್ಟ ಹೆಸರಿನ ಅರ್ಥವೇ ಸವಾರಿ ಗಾಡಿ ಎಂದು. ಅದರ ಪೀಠವೂ ಜೀನಿನಂತೆಯೇ ಇತ್ತು. ನಮ್ಮ ನಾಡಿಗೆ ಆ ಸವಾರಿಯನ್ನು ತಂದದ್ದರಲ್ಲಿ ಮೈಸೂರಿನ ಪಾಲು ದೊಡ್ಡದು. ಅಲ್ಲಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರು ಪಡೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಮಲೆನಾಡಿನ ಏರುತಗ್ಗುಗಳಲ್ಲಿ ಗುಡುಗಿತು. ಪೇಟೆಯವರಿಗೆ ಸ್ಕೂಟರ್ ಬಂತು. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ರೈತನ ಗಾಡಿಯಾಯಿತು. ಸ್ಕೂಟರಿಗೂ ಮೊಪೆಡ್ಡಿಗೂ ಮುಂದೆ ಕಾಲಿಡುವ ಜಾಗವಿತ್ತು. ಗ್ಯಾಸಿನ ಸಿಲಿಂಡರು, ಹುಲ್ಲಿನ ಹೊರೆ, ಹಾಲಿನ ಕ್ಯಾನು, ಮಗು ಎಲ್ಲವೂ ಅಲ್ಲಿಯೇ. ನಾಯಿಯೂ ಅಲ್ಲಿಯೇ ನಿಂತಿತು.

ಅದೇ ಕಾಲಕ್ಕೆ ಪೇಟೆಯ ಮಧ್ಯಮ ವರ್ಗದ ಮನೆಗಳಿಗೆ ಪಾಮೆರೇನಿಯನ್ ಎಂದು ನಾವು ಕರೆಯುವ ಬಿಳಿಯ ಪುಟ್ಟ ನಾಯಿ ಬಂತು. 2003ರಲ್ಲಿ ಹಚ್ ದೂರವಾಣಿ ಕಂಪೆನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹೋದ ಪಗ್ ಎಲ್ಲರಿಗೂ ಬೇಕಾಯಿತು. ಇವು ಹಂದಿಯ ಮೇಲೆ ಬೀಳುವ ಕಾಳಿಗಳಲ್ಲ. ಮುಧೋಳದ ಬೇಟೆನಾಯಿಯಂತೆ ಮೊಲವನ್ನು ಅಟ್ಟುವವೂ ಅಲ್ಲ. ಇವುಗಳಿಂದ ಕೆಲಸವೇನೂ ಇಲ್ಲ. ಚರಿತ್ರೆಯ ದೃಷ್ಟಿಯಿಂದ ಹೊಸತಾಗಿರುವುದು ಇದೇ. ಮಣಲೇರನು ನಾಯಿಯನ್ನು ಜೊತೆಗೆ ಒಯ್ದದ್ದು ಅದರ ಸೇವೆಗಾಗಿ. ಇಂದಿನ ಸವಾರ ಒಯ್ಯುವುದು ಬರಿಯ ಜೊತೆಗಾಗಿ. ತಾಳಗುಂದದ ದಾರಿಯಲ್ಲಿ ಮೊಪೆಡ್ ನಿಲ್ಲಿಸಿಕೊಂಡಿದ್ದ ರೈತನೊಬ್ಬನನ್ನು, ಈ ಮರಿಯನ್ನೇಕೆ ಹೊತ್ತು ತಿರುಗುತ್ತೀಯಪ್ಪ ಎಂದು ಒಮ್ಮೆ ಕೇಳಿದೆ. “ಇದು ಹತ್ತದೆ ಗಾಡಿ ಶುರು ಆಗೋದೇ ಇಲ್ರೀ ಮೇಷ್ಟ್ರೆ” ಎಂದ. ಗಾದೆಯ ನಾಯಿ ಬಂಡಿಯನ್ನು ತಾನು ಎಳೆಯುತ್ತೇನೆಂದುಕೊಂಡಿತ್ತು. ಈಗ ಸವಾರನೇ ಹಾಗೆ ಹೇಳುವ ಕಾಲ ಬಂದಿದೆ. ನಾಯಿಗೆ ಇದಕ್ಕಿಂತ ದೊಡ್ಡ ಬಡ್ತಿ ಇನ್ನೇನು ಬೇಕು?

ಆದರೆ ಏರಿಸಿಕೊಂಡವನ ಮೇಲೆ ಒಂದು ಹೊಣೆಯೂ ಏರುತ್ತದೆ. ಕುದುರೆಯ ಪಕ್ಕದಲ್ಲಿ ಓಡುವ ನಾಯಿ ತನ್ನ ಕಾಲಿನ ಮೇಲೆ ತಾನಿತ್ತು. ದಣಿದರೆ ನಿಲ್ಲಬಹುದು, ಹೆದರಿದರೆ ಪೊದೆಗೆ ಸರಿಯಬಹುದು. ಗಾಡಿಯ ಮೇಲಿನ ನಾಯಿಗೆ ಹಿಡಿದುಕೊಳ್ಳಲು ಕೈಯಿಲ್ಲ. ಬಿಸಿಲಿಗೆ ಕಾದ ಟ್ಯಾಂಕಿನ ಮೇಲೆ ಅದರ ಅಂಗಾಲು ಸುಡುತ್ತದೆ. ನಮ್ಮಂತೆ ಮೈಯೆಲ್ಲ ಬೆವರುವ ದೇಹ ಅದರದಲ್ಲ. ನಾಲಗೆ ಚಾಚಿ ಏದುವುದೇ ಅದರ ತಂಪು. ಮೂಗು ಚಪ್ಪಟೆಯಾದ ಪಗ್ಗಿನಂಥ ಜಾತಿಗಳಿಗೆ ಅದೂ ಕಷ್ಟ. ಕೊರಳಿನ ಪಟ್ಟಿಯನ್ನು ಹ್ಯಾಂಡಲಿಗೆ ಬಿಗಿದರೆ ಬಿದ್ದಾಗ ಅದೇ ಉರುಲಾಗುತ್ತದೆ. ಎದೆಗೆ ಸುತ್ತುವ ಪಟ್ಟಿ, ಗಾಳಿಯಾಡುವ ಗಟ್ಟಿಯಾದ ಬುಟ್ಟಿ, ನಿಧಾನದ ಓಟ, ನಡುನಡುವೆ ನೆರಳಿನಲ್ಲಿ ನೀರು, ಇಷ್ಟಾದರೂ ಬೇಕು. ಗಾಡಿ ಬಿಡುವವನ ಹಿಂದೆ ಒಬ್ಬನೇ ಕೂರಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಎಣಿಸುವುದು ಮನುಷ್ಯರನ್ನು. ಆ ಎಣಿಕೆಯಲ್ಲಿ ನಾಯಿ ಇಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಾದರೋ ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಸಾಗಿಸುವುದು ಅಪರಾಧವೆಂದಿತು. ಈ ಶಾಸನಕ್ಕಾಗಿ ರಾಜ್ಯಸಭೆಯಲ್ಲಿ ಮೊದಲು ದನಿಯೆತ್ತಿದವರು ನರ್ತಕಿ ರುಕ್ಮಿಣಿದೇವಿ ಅರುಂಡೇಲ್.

ಅದೇ ಕಾಯಿದೆ ಇನ್ನೊಂದನ್ನೂ ಅಪರಾಧವೆಂದು ಕರೆದಿದೆ: ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದು ಹೋಗುವುದು. ಮೊದಲ ಬಾರಿಯ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ನಾನು ಈ ಮಾತನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಮುದ್ದಿನ ನಾಯಿಯನ್ನು ಸಂತೆಗೆ, ಜಾತ್ರೆಗೆ, ನೆಂಟರ ಮನೆಗೆ ಒಯ್ಯುವ ಗಾಡಿಯೇ, ಅದಕ್ಕೆ ವಯಸ್ಸಾದಾಗ, ಕಜ್ಜಿ ಹತ್ತಿದಾಗ, ಬಾಡಿಗೆಯ ಮನೆಯವರು ಬೇಡವೆಂದಾಗ, ಅದನ್ನು ಯಾವುದೋ ಊರಿನ ಹೊರಗೆ, ಯಾವುದೋ ಗುಡಿಯ ಬಯಲಿನಲ್ಲಿ ಇಳಿಸಿ ಬರುವ ಗಾಡಿಯೂ ಆಗುತ್ತದೆ. ನಾಯಿ ದಾರಿಯನ್ನು ಅರಿಯುವುದು ಬಹುಮಟ್ಟಿಗೆ ಮೂಗಿನಿಂದ. ತಾನು ನಡೆದು ಬಂದ ನೆಲದ ಮೇಲೆ ತನ್ನದೇ ಜಾಡು ಇರುತ್ತದೆ. ಕಾಲಿನ ಮೇಲೆ ಬಂದದ್ದು ಕಾಲಿನ ಮೇಲೆ ಹಿಂದಿರುಗಬಲ್ಲದು. ಗಾಡಿಯ ಮೇಲೆ ಬಂದುದಕ್ಕೆ ನೆಲದಲ್ಲಿ ಜಾಡಿಲ್ಲ. ಗಾಡಿ ಮರೆಯಾದ ದಿಕ್ಕಿಗೆ ಮುಖ ಮಾಡಿ ಅದು ಅಲ್ಲಿಯೇ ಕುಳಿತಿರುತ್ತದೆ. ಬಂಡಿಯ ಕೆಳಗಿನ ನಾಯಿಗೆ ಈ ದುಃಖವಿರಲಿಲ್ಲ. ಮೇಲಕ್ಕೆ ಏರಿಸಿಕೊಂಡ ನಾವೇ ಅದರ ಹಿಂದಿರುಗುವ ದಾರಿಯನ್ನು ಅಳಿಸಿದ್ದೇವೆ.

ಧರ್ಮರಾಯನು ರಥದ ಮೆಟ್ಟಿಲಿನಲ್ಲಿ ನಿಂತು ಆಡಿದ ವಾದದ ತಿರುಳು ಇಲ್ಲಿದೆ ಎಂದು ನನಗೆ ತೋರುತ್ತದೆ. ನಾಯಿಗೆ ಸ್ವರ್ಗ ಸಿಕ್ಕಬೇಕೆಂಬುದು ಅವನ ಹಟವಾಗಿರಲಿಲ್ಲ. ಜೊತೆಗೆ ಬಂದುದನ್ನು ದಾರಿಯ ನಡುವೆ ಇಳಿಸುವ ಹಕ್ಕು ಸವಾರನಿಗಿಲ್ಲ ಎಂಬುದು ಅವನ ಮಾತು. ಮಣಲೇರ ನಾಯಿಯನ್ನು ಕುದುರೆಯ ಮೇಲೆ ಏರಿಸಿಕೊಂಡನೋ ಇಲ್ಲವೋ, ಅದು ಸತ್ತ ಸ್ಥಳದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲಿಲ್ಲ. ಸಾವಿರ ವರ್ಷ ದಾಟಿದರೂ ನಾವು ಕಾಳಿಯ ಹೆಸರನ್ನು ಹೇಳಬಲ್ಲೆವು. ಇಂದಿನ ಪುಟ್ಟ ನಾಯಿಗಳಿಗೆ ಕಲ್ಲು ನಿಲ್ಲಿಸುವುದು ಬೇಡ, ಭೂಮಿ ಬಿಡುವುದೂ ಬೇಡ. ಮನೆಯಿಂದ ಹತ್ತಿಸಿಕೊಂಡು ಹೊರಟವರು ಅದೇ ಮನೆಯ ಬಾಗಿಲಲ್ಲಿ ಇಳಿಸಿದರೆ ಸಾಕು.